ಎಮ್ಮೆ ಒದ್ದದ್ದು ನನಗೆ

ಸಕಲೇಶಪುರದಾಚೆಯ ಆನೇಮಹಲ್ ದಾಟುತ್ತಿದ್ದ ಹಾಗೇ ಕಾರಿನೊಳಕ್ಕೆ ಆ ವಾಸನೆ ನುಗ್ಗಿತು. ಕಾಫಿ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಆ ಸಿಪ್ಪೆಯನ್ನು ಗುಡ್ಡೆ ಹಾಕಿ ನಾಲ್ಕು ದಿನ ಬಿಟ್ಟರೆ ಬರುವ ವಾಸನೆ. ಹುಳಿ ಬಂದ ದೋಸೆಹಿಟ್ಟಿಗೆ ಬೆಲ್ಲ ಕಲಸಿ ಮರೆತುಬಿಟ್ಟ ಹಾಗೆ. ಕಾಫಿ ಹೂವಿನ ಘಮದ ಬಗ್ಗೆ ಬರೆಯದವರಿಲ್ಲ. ಈ ನಾತದ ಬಗ್ಗೆ ಯಾರಾದರೂ ಒಂದು ಸಾಲು ಬರೆದದ್ದನ್ನು ನಾನಂತೂ ಕಂಡಿಲ್ಲ.

ಪಕ್ಕದಲ್ಲಿ ಕೂತಿದ್ದ ನಳಿನಿ ಮೂಗಿಗೆ ಸೆರಗು ಒತ್ತಿಕೊಂಡಳು. "ಗ್ಲಾಸ್ ಏರಿಸಕ್ಕ, ಹೊಟ್ಟೆ ತೊಳಸ್ತೈತೆ."

"ಇರ್ಲಿ ಬಿಡೇ ಒಂಚೂರು," ಅಂದೆ.

ನಳಿನಿ ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಅವಳ ಹೆಸರು ಹೇಳಿದರೆ ಈಗ ಕತೆ ಓದುವವರಿಗೆ ಗೊತ್ತಾಗುತ್ತದೆ. ನನ್ನ ಹೆಸರು ಹೇಳಿದರೆ ಮಗ್ಗೆಯ ಕಿರಾಣಿ ಅಂಗಡಿಯವನಿಗೆ ಗೊತ್ತಾಗುತ್ತದೆ. ಆವತ್ತು ನಾವು ಬಾಡಿಗೆ ಕಾರಿನಲ್ಲಿ ಹೊರಟಿದ್ದು ಘಟ್ಟದ ಕೆಳಗಿನ ಒಂದು ಕಾಲೇಜಿಗೆ. ಅಲ್ಲಿ ಭಾಷಣ ಅವಳದು. ಭಾಷಣಕ್ಕೆ ಮುಂಚೆ ಅವಳದೊಂದು ಕತೆಯನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಕರೆಯುವವರೇ ಹಾಗೆ ಕರೆಯುತ್ತಾರೆ: "ಮೇಡಂ, ನಿಮ್ಮ ಅಕ್ಕನವರನ್ನೂ ಕರ್ಕೊಂಡು ಬನ್ನಿ, ಅವರು ಓದಿದ್ರೇ ಚೆಂದ." ಅವಳಿಗೆ ಶಾಲು, ನನಗೂ ಒಂದು ಹಾರ. ಯಾರಿಗೂ ಬೇಸರವಾಗಬಾರದಲ್ಲ!

ಆ ನಾತ ಮೂಗಿಗೆ ಬಡಿದದ್ದೇ ತಡ, ಹತ್ತು ವರ್ಷಕ್ಕೂ ಹಿಂದಿನ ಒಂದು ಜನವರಿಯ ದಿನ ಇಡಿಯಾಗಿ ಎದ್ದು ಬಂತು. ಇಲ್ಲೇ, ಈ ಹೆದ್ದಾರಿಯಿಂದ ಒಳಕ್ಕೆ ತಿರುಗುವ ಮಣ್ಣುದಾರಿಯ ಕೊನೆಯಲ್ಲಿ, ಗುಡ್ಡದ ನೆತ್ತಿಯ ಮೇಲಿದ್ದ ಎಸ್ಟೇಟ್ ಬಂಗಲೆಯಲ್ಲಿ ಕಳೆದ ದಿನ.

ನಾನು ಮದುವೆಗೆ ಮುಂಚಿನಿಂದಲೂ ಕತೆ ಬರೆಯುತ್ತಿದ್ದೆ. ಹಾಸನದಲ್ಲಿ ಪಿಯುಸಿ ಓದುವಾಗ ಚರ್ಚಾಸ್ಪರ್ಧೆಗೆ ನಾನು ನಿಂತರೆ ಮೈಕು ಬೇಕಿರಲಿಲ್ಲ. ಮದುವೆಯಾಗಿ ಮಗ್ಗೆ ಹತ್ತಿರದ ಈ ಮನೆಗೆ ಬಂದ ಮೇಲೆ ಚರ್ಚೆ ನಿಂತಿತು, ಕತೆ ನಿಲ್ಲಲಿಲ್ಲ. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಕಿಟಕಿ ಪಕ್ಕ ಕೂತು ಬರೆಯುತ್ತಿದ್ದೆ. ವಾರಪತ್ರಿಕೆಗಳಿಗೆ ಕಳಿಸುತ್ತಿದ್ದೆ. ನಾನೇ ಅಂಚೆಚೀಟಿ ಹಚ್ಚಿ ಇಟ್ಟಿದ್ದ ಲಕೋಟೆಯಲ್ಲೇ ಅವು ವಾಪಸು ಬರುತ್ತಿದ್ದವು. ನಮ್ಮ ಪೋಸ್ಟ್‌ಮ್ಯಾನ್ ಒಳ್ಳೆಯವನು, ಆದರೆ ಗಂಟಲು ದೊಡ್ಡದು. "ಗಿರಿಜವ್ವಾ, ನಿಮ್ಮ ಕತೆ ತಿರ್ಗಾ ಬಂದೈತೆ ನೋಡಿ!" ಅಂತ ರಸ್ತೆಯಿಂದಲೇ ಕೂಗುತ್ತಿದ್ದ. ಗದ್ದೆಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡುತ್ತಿದ್ದರು.

ನಳಿನಿ ಈ ಮನೆಗೆ ಬಂದಾಗ ಅವಳಿಗೆ ಕತೆಯ ಗಂಧಗಾಳಿ ಇರಲಿಲ್ಲ. ದೇವರಾಣೆ ಇರಲಿಲ್ಲ. ನಾನು ಬರೆದದ್ದನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ತರಕಾರಿ ಹೆಚ್ಚುತ್ತ ಕೇಳುತ್ತಿದ್ದಳು. ಲೈಬ್ರರಿಯಿಂದ ತಂದ ಪುಸ್ತಕಗಳನ್ನೂ ಓದಿ ಹೇಳುತ್ತಿದ್ದೆ. ಹೀಗೆ ಎರಡು ವರ್ಷ ಕಳೆದಿರಬೇಕು. ಒಂದು ದಿನ ನಾಚಿಕೊಂಡು, "ನಾನೂ ಏನೋ ಗೀಚಿದೀನಿ ಅಕ್ಕ," ಅಂದಳು. ಓದಿಲ್ಲದವರಿಗೆ ದಾರಿ ತೋರಿಸುವ ದೊಡ್ಡತನ ಆಗ ನನ್ನಲ್ಲಿ ಧಾರಾಳವಾಗಿತ್ತು. "ಬರಿಯೇ, ಬರೀತಾ ಬರೀತಾ ಬರ್ತೈತೆ," ಅಂದೆ. ಓದಿ ನೋಡಬೇಕೆಂದು ನನಗೆ ಅನ್ನಿಸಲೂ ಇಲ್ಲ.

ಆ ಚಳಿಗಾಲದಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಣೆ ಬಂತು. ಸಕಲೇಶಪುರದ ಬೆಟ್ಟದ ಮೇಲೆ ಕಥೆಗಾರರ ಶಿಬಿರ. ನಡೆಸುವವರು ಹಾಸನದ ಕಡೆಯವರೇ ಆದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಶಿಬಿರದಲ್ಲಿ ಓದಿದ ಕತೆಗಳಲ್ಲಿ ಒಂದನ್ನು, ಒಂದೇ ಒಂದನ್ನು, ಅವರು ಆರಿಸಿ ಯುಗಾದಿ ವಿಶೇಷಾಂಕಕ್ಕೆ ಕೊಡುತ್ತಾರೆ. ಅವರು ಕೊಟ್ಟ ಕತೆಯನ್ನು ಪತ್ರಿಕೆಯವರು ಹಾಕೇ ಹಾಕುತ್ತಾರೆ. ನಾನು ಅದನ್ನು ಓದಿದ ಕ್ಷಣವೇ ಆ ಜಾಗ ನನ್ನದು ಅಂದುಕೊಂಡುಬಿಟ್ಟೆ. ಶಿಬಿರದ ಆಯ್ಕೆಗೆಂದು ಕತೆ ಕಳಿಸುವಾಗ ನಳಿನಿ, "ನಂದೂ ಅದ್ರಲ್ಲೇ ಇಟ್ಬುಡಕ್ಕ," ಅಂದಳು. ಒಂದೇ ಲಕೋಟೆಯಲ್ಲಿ ಎರಡು ಕತೆ ಹೋದವು. ಇಬ್ಬರಿಗೂ ಕರೆ ಬಂತು. ಗಂಡಸರು ಮುಖ ಮುಖ ನೋಡಿಕೊಂಡರು. ಅತ್ತೆಯೇ ತೀರ್ಮಾನ ಕೊಟ್ಟರು: "ಹೋಗ್ಲಿ ಬಿಡ್ರೋ, ಇಬ್ರೂ ಜೊತೇಲಿ ಹೋಯ್ತಾರಂತೆ. ಒಂದಿನ ನಾನೇ ಅನ್ನ ಬೇಯಿಸ್ತೀನಿ."

ಶಿಬಿರದ ಹಿಂದಿನ ಸಂಜೆ ಹೋಗಿ ಸೇರಿದೆವು. ಎಸ್ಟೇಟಿನ ಜೀಪು ಸಕಲೇಶಪುರದ ಬಸ್‌ಸ್ಟ್ಯಾಂಡಿನಿಂದ ನಮ್ಮನ್ನು ಹತ್ತಿಸಿಕೊಂಡು ಗುಡ್ಡ ಏರಿತು. ಶಿಬಿರಕ್ಕೆ ಬಂದವರು ಒಂದು ಪಂಕ್ತಿಗಾಗುವಷ್ಟು ಜನ, ಹೆಂಗಸರು ನಾವಿಬ್ಬರೇ. ಬೆಳಿಗ್ಗೆ ಎದ್ದು ನೋಡಿದರೆ ಕಣಿವೆಯ ತುಂಬ ಮಂಜು, ಮೇಲೆ ನಮ್ಮ ಬಂಗಲೆಗೆ ಮಾತ್ರ ಬಿಸಿಲು. ಕೆಳಗಿನ ಕಾಫಿ ಗಿಡಗಳಲ್ಲಿ ಹಣ್ಣು ಕುಯ್ಯುವವರ ಮಾತು ಕೇಳುತ್ತಿತ್ತು, ಜನ ಕಾಣುತ್ತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಬೆಳಗಿನ ಹೊತ್ತು ಒಲೆ ಮುಂದೆ ಕೂರದೆ, ಯಾರೋ ಮಾಡಿಕೊಟ್ಟ ಕಾಫಿಯನ್ನು ಕುರ್ಚಿಯಲ್ಲಿ ಕೂತು ಕುಡಿದದ್ದು ಅದೇ ಮೊದಲು. ಆ ಸುಖವನ್ನು ಸುಳ್ಳು ಅನ್ನಲಾರೆ.

ತಿಂಡಿಯಾದ ಮೇಲೆ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಕ್ರಮ ಹೇಳಿದರು. ಉದ್ದಕ್ಕೆ, ಸಣ್ಣಗಿದ್ದರು, ಮಫ್ಲರ್ ಸುತ್ತಿದ್ದರು. "ಮಧ್ಯಾಹ್ನದವರೆಗೆ ಮಾತಿಲ್ಲ. ಎಲ್ಲಾದ್ರೂ ಕೂತು ಬರೀರಿ, ತಿದ್ದಿ. ಊಟ ಆದ್ಮೇಲೆ ಓದೋದು. ಆದ್ರೆ ನಮ್ಮಲ್ಲೊಂದು ಪದ್ಧತಿ ಐತೆ. ಬರೆದವರು ತಮ್ಮ ಕತೆ ತಾವು ಓದೋ ಹಂಗಿಲ್ಲ. ಮುಯ್ಯಿ ಓದು."

ಎಲ್ಲರೂ ನಕ್ಕರು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ನಾಟಿಗೋ ಕುಯ್ಲಿಗೋ ಆಳು ಸಾಲದಾಗ ನಾವು ಮುಯ್ಯಾಳು ಮಾಡುತ್ತೇವೆ. ಇವತ್ತು ನಾನು ನಿಮ್ಮ ಗದ್ದೆಗೆ ಬಂದರೆ ನಾಳೆ ನೀವು ನನ್ನ ಗದ್ದೆಗೆ. ಕೂಲಿಯಿಲ್ಲ. ಮುಯ್ಯಿಗೆ ಹೋದವಳು ಕೈ ಸಡಿಲ ಬಿಡಬಾರದು. ಅವಳ ಗದ್ದೆಯಲ್ಲಿ ನಾನು ಅಡ್ಡಾದಿಡ್ಡಿ ಸಸಿ ನೆಟ್ಟರೆ ನನ್ನ ಗದ್ದೆಯಲ್ಲೂ ಅದೇ ಆಗುತ್ತದೆ ಅನ್ನುವ ಭಯ ಒಂದು; ಊರು ನೋಡುತ್ತಿದೆ ಅನ್ನುವ ಮಾನ ಇನ್ನೊಂದು.

"ಯಾರ್ ಯಾರ್ಗೆ ಮುಯ್ಯಿ ಅಂತ ನೀವೇ ಜೋಡಿ ಮಾಡ್ಕೊಳ್ಳಿ," ಅಂದರು ಮೇಷ್ಟ್ರು.

ನಾನು ಮನಸ್ಸಿನಲ್ಲೇ ಜೋಡಿ ಹುಡುಕುತ್ತಿದ್ದೆ. ಬೇಲೂರು ಕಡೆಯ ಒಬ್ಬ ಬ್ಯಾಂಕಿನವರಿದ್ದರು, ಒಳ್ಳೆ ಗಡಸು ದನಿ. ಅವರ ಬಾಯಲ್ಲಿ ನನ್ನ ಕತೆ ಹೇಗೆ ಕೇಳಿಸೀತು ಅಂತ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ನಳಿನಿ ನನ್ನ ತೋಳು ಹಿಡಿದುಕೊಂಡು, "ನಂಗೆ ಅಕ್ಕನೇ ಸಾರ್," ಅಂದುಬಿಟ್ಟಳು.

ಬ್ಯಾಂಕಿನವರು ನಕ್ಕರು. "ಅಲ್ಲ ಕಣಮ್ಮ, ಒಂದೇ ಮನೆಯೋರು ಮುಯ್ಯಿ ಮಾಡ್ಕೋತಾರಾ? ಮುಯ್ಯಿ ಏನಿದ್ರೂ ಮನೆ ಮನೆ ಮಧ್ಯೆ."

"ನಂಗೆ ಬೇರೆಯೋರ ಮುಂದೆ ಭಯ ಆಯ್ತದೆ," ಅಂದಳು ನಳಿನಿ. ಅವಳ ಕೈ ನಿಜವಾಗಿಯೂ ತಣ್ಣಗಿತ್ತು. ಎಲ್ಲರೆದುರು ಒಲ್ಲೆ ಅನ್ನಲಾದೀತೆ? ಅಲ್ಲಿಗೆ ನನ್ನ ಕತೆ ಅವಳ ಬಾಯಿಗೆ ಬಿತ್ತು.

ಮಧ್ಯಾಹ್ನದವರೆಗಿನ ಮೌನದಲ್ಲಿ ನಾನು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಕೂತೆ. ಎದುರಿಗೆ ಸಾಲು ಸಾಲು ಗುಡ್ಡ. ಮಂಜು ಒಂದೊಂದಾಗಿ ಬಿಟ್ಟುಕೊಡುತ್ತಿತ್ತು. ಬರೆಯುವವರಿಗೆ ಇದಕ್ಕಿಂತ ಜಾಗ ಬೇಕೆ? ನನ್ನ ಪೆನ್ನು ಅಲ್ಲಾಡಲಿಲ್ಲ. ಯಾಕೆಂದರೆ ಸ್ವಲ್ಪ ದೂರದಲ್ಲಿ, ಸಿಲ್ವರ್ ಓಕ್ ಮರದ ಬುಡದಲ್ಲಿ, ನಳಿನಿ ಚಕ್ಕಂಬಕ್ಕಲ ಹಾಕಿಕೊಂಡು ಬರೆಯುತ್ತಿದ್ದಳು. ತಲೆ ಎತ್ತದೆ ಬರೆಯುತ್ತಿದ್ದಳು. ಆಗಾಗ ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ನಾನು ಗುಡ್ಡ ನೋಡುವುದು ಬಿಟ್ಟು ಅವಳನ್ನೇ ನೋಡಿದೆ. ಹೊಸ ಕತೆಯೇ ಶುರುಮಾಡಿದ್ದಳಂತೆ, ಆಮೇಲೆ ಹೇಳಿದಳು. ಅದೇನು ಅವಳಿಗೆ ಅಷ್ಟು ಸಲೀಸು! ನನಗೆ ಒಂದು ವಾಕ್ಯಕ್ಕೆ ಒಂದು ಗಂಟೆ ಬೇಕು, ಸಾಲದ್ದಕ್ಕೆ ತಲೆನೋವು.

ನನ್ನ ಕತೆ ಸಾಮಾನ್ಯದ್ದಲ್ಲ. ಎರಡು ವರ್ಷ ತಿದ್ದಿದ್ದೆ. ಅದರಲ್ಲಿ ಶಾರದೆ ಎಂಬ ಶಾಲಾ ಉಪಾಧ್ಯಾಯಿನಿ ವರದಕ್ಷಿಣೆ ಕೇಳಿದ ಗಂಡಿನವರೆದುರು ಮದುವೆ ಚಪ್ಪರದಲ್ಲೇ ಎದ್ದು ನಿಂತು ಮಾತಾಡುತ್ತಾಳೆ. ಆ ಮಾತಿನ ಒಂದೊಂದು ಪದವನ್ನೂ ತೂಗಿ ಇಟ್ಟಿದ್ದೆ. ಓದುವಾಗ ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ನಳಿನಿಗೆ ಸನ್ನೆಯಲ್ಲೇ ತಿಳಿಸಿ, ಹಾಳೆಯ ಮೇಲೆ ಗೀಟು ಹಾಕಿಯೂ ಕೊಟ್ಟೆ. ಅವಳ ಕತೆಯನ್ನು ಮಾತ್ರ ಮೊದಲೇ ಓದಿಕೊಳ್ಳಲಿಲ್ಲ. ಏನಿದ್ದೀತು ಮಹಾ, ನೋಡಿಕೊಂಡು ಓದಿದರಾಯಿತು ಅಂದುಕೊಂಡೆ.

ಊಟವಾಯಿತು. ಬಂಗಲೆಯ ದೊಡ್ಡ ಕೋಣೆಯಲ್ಲಿ ಜಮಖಾನೆ ಹಾಸಿದ್ದರು. ಇಬ್ಬರೋ ಮೂವರೋ ಓದಿದ ಮೇಲೆ ನನ್ನ ಸರದಿ ಬಂತು. ಎದ್ದು ನಿಂತೆ, ನಳಿನಿಯ ಹಾಳೆ ಬಿಚ್ಚಿದೆ, ಮೊದಲ ಸಾಲು ಓದಿದೆ. ಅದು ನಮ್ಮ ಎಮ್ಮೆ.

ಆ ಎಮ್ಮೆಯ ವಿಷಯ ಹೇಳಬೇಕು. ಹಿಂದಿನ ವರ್ಷ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಕೆ. ಹೊಸಕೋಟೆಗೆ ಹೋಗಿದ್ದರು. ನಮ್ಮ ಎಮ್ಮೆ ಗುಜ್ಜಿ ಅತ್ತೆಯ ಕೈ ಬಿಟ್ಟರೆ ಬೇರೆ ಕೈಗೆ ಹಾಲು ಬಿಡುತ್ತಿರಲಿಲ್ಲ. ನಾನು ಚೆಂಬು ಹಿಡಿದು ಕೂತರೆ ಬೀಸಿ ಒದ್ದಿತು. ಚೆಂಬು ಒಂದು ಕಡೆ, ನಾನೊಂದು ಕಡೆ. ಮೊಣಕಾಲು ಬೂದುಗುಂಬಳಕಾಯಿಯಾಯಿತು. ಮಾರನೆಯ ದಿನ ನನ್ನ ಗಂಡ, "ಅವ್ವನ ಸೀರೆ ಉಟ್ಕಂಡು ಹೋಗಿ ನೋಡು," ಅಂದರು. ಅತ್ತೆ ದಿನಾ ಕೊಟ್ಟಿಗೆಗೆ ಉಡುತ್ತಿದ್ದ ಹಳೆಯ ಚೌಕಳಿ ಸೀರೆ ಉಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು ಕೂತೆ. ಗುಜ್ಜಿ ಒಮ್ಮೆ ಮೂಸಿ ನೋಡಿತು, ಸುಮ್ಮನೆ ಹಾಲು ಬಿಟ್ಟಿತು. ಇದನ್ನು ನಾನು ಅಡುಗೆಮನೆಯಲ್ಲಿ ಅಭಿನಯ ಮಾಡಿ ತೋರಿಸಿದಾಗ ನಳಿನಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಾನೂ ನಕ್ಕಿದ್ದೆ. ನನಗೆ ಅದು ನಗೆಚಾಟಿಕೆ, ಅಷ್ಟೇ.

ನಳಿನಿಯ ಕತೆಯಲ್ಲಿ ಎರಡನೆಯ ಹೆಂಡತಿಯಾಗಿ ಬಂದ ಒಬ್ಬಳಿದ್ದಾಳೆ. ಮೊದಲನೆಯವಳು ತೀರಿಕೊಂಡಿದ್ದಾಳೆ. ಅವಳು ಸಾಕಿದ ಎಮ್ಮೆ ಹೊಸಬಳಿಗೆ ಹಾಲು ಬಿಡುವುದಿಲ್ಲ. ದಿನಾ ಬೆಳಗಿನ ಜಾವ ಇವಳು ಸತ್ತವಳ ಸೀರೆಯುಟ್ಟು ಕೊಟ್ಟಿಗೆಗೆ ಹೋಗಬೇಕು. "ಎಮ್ಮೆಗೆ ಸೀರೆ ಗೊತ್ತಿತ್ತು, ಒಳಗಿದ್ದವಳು ಗೊತ್ತಿರಲಿಲ್ಲ" ಅಂತ ಒಂದು ಸಾಲಿತ್ತು. ಅದನ್ನು ಓದಿದೆ. ಮೇಷ್ಟ್ರು ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಒದೆ ತಿಂದದ್ದು ನಾನು! ಆ ಸೀರೆ ಉಟ್ಟದ್ದು ನಾನು! ಅದರ ಸಗಣಿ ವಾಸನೆ ನನ್ನ ಮೂಗಿಗೆ ಗೊತ್ತು, ನಳಿನಿಗೇನು ಗೊತ್ತು? ನನ್ನ ಕಾಲ ಬುಡದಲ್ಲಿ ಬಿದ್ದಿದ್ದ ಕತೆಯನ್ನು ನಾನು ದಾಟಿಕೊಂಡು ಹೋಗಿದ್ದೆ, ಹಿಂದೆ ಬಂದ ಇವಳು ಬಗ್ಗಿ ಎತ್ತಿಕೊಂಡಿದ್ದಳು. ನನಗೆ ಅಲ್ಲೇ ಮೈ ಪರಚಿಕೊಳ್ಳುವಂತಾಯಿತು. ಸುಮ್ಮನೆ ದನಿ ತಗ್ಗಿಸಿ, ಬೇಗ ಬೇಗ ಓದಿ ಮುಗಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಮುಯ್ಯಿಗೆ ನಿಂತ ಕೈ ಸಡಿಲವಾಗಲಿಲ್ಲ. ಸಾಲು ಎಲ್ಲಿ ಏರಬೇಕೋ ಅಲ್ಲಿ ನನ್ನ ದನಿ ತಾನಾಗಿ ಏರಿತು. ನಿಲ್ಲಬೇಕಾದಲ್ಲಿ ನಿಂತಿತು. ನಾನು ಬೇಡ ಬೇಡ ಅನ್ನುತ್ತಿದ್ದರೂ ಆ ಹಾಳು ಗಂಟಲು ನನ್ನ ಮಾತು ಕೇಳಲಿಲ್ಲ. ಅವತ್ತು ಅಷ್ಟು ಚೆನ್ನಾಗಿ ಓದಿದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಕೊನೆಯಲ್ಲಿ ಒಂದು ಬೆಳಿಗ್ಗೆ ಅವಳು ಮರೆತು ತನ್ನ ಸೀರೆಯಲ್ಲೇ ಹೋಗುತ್ತಾಳೆ. ಎಮ್ಮೆ ಹಾಲು ಬಿಡುತ್ತದೆ. ತುಂಬಿದ ಚೆಂಬು ಮುಂದಿಟ್ಟುಕೊಂಡು ಅವಳು ಅಳುತ್ತಾಳೆ. ಈ ಮನೆಯಲ್ಲಿ ಸತ್ತವಳನ್ನು ನೆನೆಯಲು ಎಮ್ಮೆಯೊಂದು ಉಳಿದಿತ್ತು, ಈಗ ಅದೂ ಮರೆಯಿತಲ್ಲ ಅಂತ.

ಓದಿ ಮುಗಿಸಿದೆ. ಬ್ಯಾಂಕಿನವರು ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರು ನಳಿನಿಯನ್ನೇ ನೋಡುತ್ತಿದ್ದರು. ಅವಳು ಜಮಖಾನೆಯ ನೂಲು ಕೀಳುತ್ತಿದ್ದಳು.

"ಆಯ್ತು, ಈಗ ಮುಯ್ಯಿ ತೀರಿಸಮ್ಮ," ಅಂದರು ಮೇಷ್ಟ್ರು.

ನಳಿನಿ ಎದ್ದಳು. ಅದೇ ಹೊತ್ತಿಗೆ ಸರಿಯಾಗಿ ಕೆಳಗೆ ಪಲ್ಪರ್ ಶುರುವಾಯಿತು. ಬೆಳಗಿನಿಂದ ಕುಯ್ದ ಹಣ್ಣು ಬಂದಿತ್ತು. ಗಡಗಡಗಡ ಅನ್ನುವ ಸದ್ದು, ಅದರ ಹಿಂದೆಯೇ ಗಾಳಿ ತಿರುಗಿ ಆ ನಾತ. ಯಾರೋ ಎದ್ದು ಕಿಟಕಿ ಮುಚ್ಚಿದರು, ಇನ್ಯಾರೋ ಸೆಕೆಯೆಂದು ತೆಗೆದರು. ನಳಿನಿ ತಲೆ ಬಗ್ಗಿಸಿ ಹಾಳೆಯನ್ನು ಮೂಗಿಗೆ ಹಿಡಿದುಕೊಂಡು ಓದಿದಳು. ಸಾಲಿನ ಕೊನೆಯನ್ನೆಲ್ಲ ನುಂಗಿದಳು. ಗೀಟು ಹಾಕಿದ್ದ ಜಾಗದಲ್ಲಿ ಕೆಮ್ಮಿದಳು. ನನ್ನ ಶಾರದೆ ಚಪ್ಪರದಲ್ಲಿ ಎದ್ದು ನಿಂತಳೋ ಕೂತಳೋ ಅಲ್ಲಿದ್ದವರಿಗೆ ತಿಳಿಯಲೇ ಇಲ್ಲ. ಒಬ್ಬರು ಆಕಳಿಸಿದರು. ನಾನು ಮುಷ್ಟಿ ಬಿಗಿ ಹಿಡಿದು ಕೂತಿದ್ದೆ. ಎದ್ದು ಹೋಗಿ ಅವಳ ಕೈಯಿಂದ ಹಾಳೆ ಕಿತ್ತುಕೊಂಡು ನಾನೇ ಓದಿಬಿಡಲೇ ಅನ್ನಿಸಿತು.

ಸಂಜೆ ಕಾಫಿ ಹೊತ್ತಿಗೆ ಮೇಷ್ಟ್ರು ಹೇಳಿದರು: "ಎಮ್ಮೆ ಕತೆ." ಇನ್ನೊಂದು ಮಾತಿಲ್ಲ. ಎಲ್ಲರೂ ನಳಿನಿಯನ್ನು ಮುತ್ತಿಕೊಂಡರು. ಅವಳಿಗೆ ಸಾಗರದಷ್ಟು ಸಂತೋಷವಾಗಿತ್ತು, ಪಾಪ, ಏನು ಮಾಡಬೇಕೆಂದು ತೋಚದೆ ನನ್ನ ಕಡೆ ನೋಡಿ ಅಳುತ್ತಿದ್ದಳು. ಬ್ಯಾಂಕಿನವರು ನನ್ನ ಹತ್ತಿರ ಬಂದರು. "ನಿಮ್ಮ ದನಿ ಏನ್ ದನಿ ಕಣ್ರೀ! ನೀವು ರೇಡಿಯೋದಲ್ಲಿ ಇರ್ಬೇಕಾಗಿತ್ತು."

"ನನ್ನ ಕತೆ ಹೆಂಗಿತ್ತು?" ಅಂದೆ, ತಡೆಯಲಾರದೆ.

"ಕತೇನಾ? ಅದು... ಆ ಮಿಷನ್ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ ನೋಡಿ."

ಆ ಮಾತನ್ನು ನಾನು ಭದ್ರವಾಗಿ ಸೆರಗಿಗೆ ಕಟ್ಟಿಕೊಂಡೆ. ಕೇಳಿಸಲಿಲ್ಲ. ಹೌದಲ್ಲ! ನನ್ನ ಕತೆ ಸೋತಿಲ್ಲ, ಕೇಳಿಸಿಲ್ಲ. ಅವಳ ಕತೆ ಗೆದ್ದದ್ದು ನನ್ನ ಗಂಟಲಿನಿಂದ, ನನ್ನದು ಬಿದ್ದದ್ದು ಅವಳ ಕೆಮ್ಮಿನಿಂದ. ನಾನು ಪೂರ್ತಿ ದಿನ ಗೇಯ್ದೆ, ಅವಳು ಅರ್ಧ ಹೊತ್ತು ಗೇಯ್ದು ಎದ್ದಳು. ಎಂಥ ಅನ್ಯಾಯ!

ವಾಪಸು ಬಸ್ಸಿನಲ್ಲಿ ಆಲೂರು ಬರುವವರೆಗೂ ನಾನು ಕಿಟಕಿ ಕಡೆ ತಿರುಗಿಯೇ ಕೂತಿದ್ದೆ. ನಳಿನಿಯೇ ಶುರುಮಾಡಿದಳು. "ನಿನ್ನ ಕತೆ ಕೆಡಿಸ್ಬುಟ್ಟೆ ಅಕ್ಕ. ಕೈಕಾಲು ನಡುಗೋಯ್ತು. ಬೈದುಬಿಡು ನನ್ನ."

"ಬೈದು ಏನ್ ಮಾಡ್ಲಿ? ಎಮ್ಮೆ ನಂದು, ದನಿ ನಂದು, ಹೆಸರು ನಿಂದು."

"ಬರೀವಾಗ ನೀನು ಓದ್ತಿರೋ ಹಂಗೇ ಕಿವೀಲಿ ಕೇಳಿಸ್ತಿತ್ತು ಅಕ್ಕ. ಅದನ್ನೇ ಬರ್ಕೊಂಡು ಹೋದೆ," ಅಂದಳು. ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕರಗುತ್ತಿದ್ದರೇನೋ. ನನಗೆ ಇನ್ನಷ್ಟು ಉರಿಯಿತು. ನನ್ನ ದನಿ ಅವಳ ಕಿವಿಯಲ್ಲಿ ಕೂತು ಕತೆ ಬರೆಸುತ್ತದೆ, ನನಗೆ ಮಾತ್ರ ತಲೆನೋವು ಕೊಡುತ್ತದೆ! ಅವಳು ದಣಿದು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದಳು. ತಳ್ಳಲು ಮನಸ್ಸಾಯಿತು. ತಳ್ಳಲಿಲ್ಲ.

ಮನೆಯಲ್ಲಿ ಅತ್ತೆಗೆ ಎಲ್ಲ ವರದಿ ಒಪ್ಪಿಸಿದೆ. ನಳಿನಿ ಹೇಗೆ ಓದಿದಳೆಂಬುದನ್ನು ಕೆಮ್ಮಿನ ಸಮೇತ ಮಾಡಿ ತೋರಿಸಿದೆ. ಅತ್ತೆ ನಗಲಿಲ್ಲ.

"ಅಲ್ಲ ಕಣ್ರೇ, ಒಂದೇ ಮನೆಯೋರು ಮುಯ್ಯಿ ಮಾಡ್ಕಂಡ್ರಾ? ಅದು ತೀರಾದು ಯಾವಾಗ?" ಅಂದರು. ಆಮೇಲೆ ನಳಿನಿಯ ಕಡೆ ತಿರುಗಿ, "ಮುಯ್ಯಿ ಬಾಕಿ ಮಡೀಕಬ್ಯಾಡ ಕಣವ್ವ. ನನ್ನ ಮುಂದೆ ಇನ್ನೊಂದ್ಸಲ ಓದು. ಸರಿಯಾಗಿ ಓದು," ಅಂದರು.

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ವಾರವೆಲ್ಲ ನಾನು ಒಂದೇ ಯೋಚನೆಯಲ್ಲಿದ್ದೆ. ಸರಿಯಾಗಿ ಓದಿಸಿಕೊಂಡು, ಎಲ್ಲರೂ ಮೆಚ್ಚಿದ ಮೇಲೆ, ಮೇಷ್ಟ್ರಿಗೆ ಒಂದು ಕಾಗದ ಬರೆಯುವುದು: ಆವತ್ತು ಸದ್ದಿನಲ್ಲಿ ಕೇಳಿಸಲಿಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ. ಯುಗಾದಿಗೆ ಇನ್ನೂ ಕಾಲವಿತ್ತು.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಹಿತಕಿದಬೇಳೆ ಸಾರಿಗೆಂದು ಹಿಂದಿನ ದಿನ ಅವರೆಕಾಳು ನೆನೆಹಾಕಿದ್ದೆವು. ಅಂಗಳದ ಬಿಸಿಲಲ್ಲಿ ಕುಕ್ಕೆ ಮಧ್ಯೆ ಇಟ್ಟುಕೊಂಡು ಅತ್ತೆ, ಪಕ್ಕದ ಮನೆಯ ಪುಟ್ಟಮ್ಮತ್ತೆ, ನಾನು, ನಳಿನಿ ಕೂತೆವು. ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಟಕ್ಕನೆ ಪಾತ್ರೆಗೆ ಹಾರುತ್ತದೆ. ಕೈಗೆ ಕೆಲಸ, ಬಾಯಿ ಕಿವಿ ಖಾಲಿ. ಕತೆಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

"ಮೊದ್ಲು ಆ ಎಮ್ಮೆದು ಓದು ಗಿರಿಜ, ಪುಟ್ಟಮ್ಮ ಕೇಳ್ಲಿ," ಅಂದರು ಅತ್ತೆ.

ಕೈ ತೊಳೆದು ಬಂದು ಓದಿದೆ. ಈ ಸಲ ಬೇಕೆಂತಲೇ ಸಾಧಾರಣವಾಗಿ, ಪೇಪರ್ ಓದುವ ಹಾಗೆ ಓದಿದೆ. ಸೀರೆಯುಟ್ಟು ಕೊಟ್ಟಿಗೆಗೆ ಹೋಗುವ ಕಡೆ ಬಂದಾಗ ಪಟ್ ಪಟ್ ಸದ್ದು ಕಡಿಮೆಯಾಯಿತು. ಕಣ್ಣೆತ್ತಿ ನೋಡಿದೆ. ಪುಟ್ಟಮ್ಮತ್ತೆಯ ಬೆರಳಲ್ಲಿ ಒಂದು ಕಾಳು ಹಾಗೇ ಇತ್ತು. ಅತ್ತೆ ಒದ್ದೆ ಕೈ ಮಡಿಲಲ್ಲಿ ಇಟ್ಟುಕೊಂಡು ಗುಜ್ಜಿ ಕಟ್ಟಿದ್ದ ಕಡೆಗೆ ನೋಡುತ್ತಿದ್ದರು. ಮುಗಿಯುವವರೆಗೂ ಯಾರ ಕೈಯೂ ಆಡಲಿಲ್ಲ. "ಅಯ್ಯೋ ಶಿವನೇ," ಅಂದರು ಪುಟ್ಟಮ್ಮತ್ತೆ.

ಆಮೇಲೆ ನಳಿನಿ ನನ್ನ ಕತೆ ತೆಗೆದುಕೊಂಡಳು. ವಾರವೆಲ್ಲ ಕೊಟ್ಟಿಗೆಯಲ್ಲಿ ಓದಿ ಅಭ್ಯಾಸ ಮಾಡಿದ್ದಳಂತೆ. ನಮ್ಮ ಅಂಗಳದಲ್ಲಿ ಪಲ್ಪರ್ ಇರಲಿಲ್ಲ, ನಾತವಿರಲಿಲ್ಲ, ಹೊರಗಿನವರಿರಲಿಲ್ಲ. ಅವಳು ಓದಿದಳು ನೋಡಿ! ನಾನು ಗೀಟು ಹಾಕಿದ ಕಡೆಯೆಲ್ಲ ಏರಿಸಿದಳು, ಇಳಿಸಿದಳು. ಶಾರದೆ ಚಪ್ಪರದಲ್ಲಿ ಎದ್ದು ನಿಂತಾಗ ತಾನೂ ಎದ್ದು ನಿಂತಳು. ಒಂದು ಅಕ್ಷರ ನುಂಗಲಿಲ್ಲ. ನನ್ನ ಕತೆಯನ್ನು ಅದಕ್ಕಿಂತ ಚೆನ್ನಾಗಿ ನಾನೂ ಓದಲಾರೆ.

ಪಟ್, ಪಟ್, ಪಟ್. ಅತ್ತೆಯ ಕೈ ನಿಲ್ಲಲಿಲ್ಲ. ಪುಟ್ಟಮ್ಮತ್ತೆಯ ಕೈ ನಿಲ್ಲಲಿಲ್ಲ. ಶಾರದೆ ಸಮಾಜವನ್ನು ಪ್ರಶ್ನಿಸುತ್ತಿದ್ದಳು, ಬೇಳೆ ಪಾತ್ರೆಗೆ ಬೀಳುತ್ತಿತ್ತು. ನಾನು ಅವರಿಬ್ಬರ ಕೈಗಳನ್ನೇ ನೋಡುತ್ತ ಕೂತೆ. ಈಗ ನಿಲ್ಲುತ್ತದೆ, ಈ ಮಾತಿಗೆ ನಿಲ್ಲುತ್ತದೆ ಅಂತ ಕಾದೆ. ನಳಿನಿಯ ದನಿ ಕೊನೆಯ ಸಾಲಿಗೆ ಬಂತು. ಆಗ ನಾನು ಕೆಳಗೆ ನೋಡಿದೆ. ನನ್ನ ಕೈಯೂ ಕಾಳು ಹಿತುಕುತ್ತಲೇ ಇತ್ತು.

"ಮುಗೀತಾ?" ಅಂದರು ಅತ್ತೆ. "ಚೆನ್ನಾಗೈತೆ ಕಣವ್ವ. ನೋಡು, ಕಾಳೂ ಮುಗೀತು."

ನಳಿನಿ ಬಂದು ನನ್ನ ಪಕ್ಕ ಕೂತಳು. ಅವಳ ಮುಖ ಕೆಂಪಾಗಿತ್ತು. "ಸರಿಯಾಗಿ ಓದಿದ್ನಾ ಅಕ್ಕ? ಮುಯ್ಯಿ ತೀರ್ತಾ?"

"ತೀರ್ತು," ಅಂದೆ.

ಆವತ್ತು ನನ್ನ ಮನಸ್ಸಿನಲ್ಲಿದ್ದದ್ದನ್ನು ಅವಳಿಗೆ ನಾನು ಹೇಳಿಲ್ಲ. ಬೆಟ್ಟದ ಮೇಲೆ ಅವಳು ಕೆಟ್ಟದಾಗಿ ಓದಿದ್ದಾಗ ನನಗೊಂದು ಕತೆಯಿತ್ತು. ಅದನ್ನು ಅವಳು ಅಂಗಳದಲ್ಲಿ ಚೆನ್ನಾಗಿ ಓದಿ ಕಸಿದುಕೊಂಡಳು. ಮೇಷ್ಟ್ರಿಗೆ ಕಾಗದ ಬರೆಯಲಿಲ್ಲ. ಯುಗಾದಿಗೆ ಎಮ್ಮೆ ಕತೆ ಅಚ್ಚಾಗಿ ಬಂತು. ಪೋಸ್ಟ್‌ಮ್ಯಾನ್ ರಸ್ತೆಯಿಂದಲೇ ಕೂಗಿದ, ಈ ಸಲ ಬೇರೆ ಹೆಸರು.

ಕಾರು ಘಟ್ಟ ಇಳಿಯತೊಡಗಿತ್ತು. ನಾತ ಹಿಂದೆ ಉಳಿಯಿತು. ನಳಿನಿ ಚೀಲದಿಂದ ಕೆಲವು ಹಾಳೆ ತೆಗೆದು ನನ್ನ ಮಡಿಲಲ್ಲಿಟ್ಟಳು. "ಹೊಸದು ಅಕ್ಕ. ಇನ್ನೂ ಯಾರೂ ನೋಡಿಲ್ಲ. ಒಂದ್ಸಲ ಗಟ್ಟಿಯಾಗಿ ಓದು. ನೀನು ಎಲ್ಲಿ ತಡವರಿಸ್ತೀಯೋ ಅಲ್ಲಿ ತಿದ್ತೀನಿ."

ಕನ್ನಡಕ ಹಾಕಿಕೊಂಡೆ. ಎಲ್ಲಾದರೂ ತಡವರಿಸಬೇಕು, ಒಂದು ಕಡೆಯಾದರೂ ತಡವರಿಸಲೇಬೇಕು ಅಂತ ಹಟ ಹಿಡಿದು ಶುರುಮಾಡಿದೆ. ಮೊದಲನೆಯ ಹಾಳೆ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರ ನಡುವೆ ಡ್ರೈವರ್ ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿದ.

"ಯಾಕಪ್ಪ?" ಅಂದಳು ನಳಿನಿ.

"ತಿರುವು ಜಾಸ್ತಿ ಐತೆ ಮೇಡಂ," ಅಂದ ಅವನು ಕನ್ನಡಿಯಲ್ಲಿ ನನ್ನ ಕಡೆ ನೋಡುತ್ತ. "ಅಮ್ಮೋರು ಓದಿ ಮುಗಿಸ್ಲಿ. ಆಮೇಲೆ ಹೋಗಾಣ."